ದಿಣ್ಣೆ ದಾರಿಯ ಜೊತೆಗಾರ

ಮಂಡ್ಯ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ, ಸಪಾಟಾದ ಹಸಿರು. ಮಳವಳ್ಳಿ ದಾಟಿ ಹಲಗೂರಿನತ್ತ ಹೊರಳಿದವರಿಗೆ ಬೇರೊಂದು ಮಂಡ್ಯ ಎದುರಾಗುತ್ತದೆ. ನಾಲೆಯ ನೀರು ಹತ್ತದ ದಿಣ್ಣೆಗಳು, ರಾಗಿ, ಹುರುಳಿಯ ಹೊಲಗಳು, ಕಾವೇರಿ ಕಣಿವೆಯತ್ತ ಇಳಿಯುವ ಕಾಡು. ಈ ಸೀಮೆಯ ಏರಿಳಿತದ ರಸ್ತೆಯಲ್ಲಿ ನಮ್ಮೂರಿನ ಯುವಕರು ರಾಜ್ಯೋತ್ಸವದ ನೆಪದಲ್ಲಿ ಏರ್ಪಡಿಸಿದ್ದ ಹತ್ತು ಕಿಲೊಮೀಟರ್ ಓಟದಲ್ಲಿ ಐವತ್ತು ದಾಟಿದ ನಾನೂ ಓಡಿದೆ. ಜೊತೆಗಿದ್ದವನು ದಾಯಾದಿ ಅಣ್ಣನ ಮಗ.

ಬೆಂಗಳೂರಿನಲ್ಲಿ 2008ರಲ್ಲಿ 10ಕೆ ಓಟ ಆರಂಭವಾದ ಮೇಲೆ ಓಡುವುದು ಮಧ್ಯಮ ವರ್ಗದವರ ಹೊಸ ವ್ರತವಾಯಿತು. ನಾನೂ ಆ ವ್ರತಸ್ಥರಲ್ಲೊಬ್ಬ. ನನ್ನನ್ನು ಓಡಿಸಿದ್ದು ಸಕ್ಕರೆ ಕಾಯಿಲೆಯ ಭಯ. (ಸಕ್ಕರೆ ನಾಡಿನವನಿಗೆ ಅದು ತಕ್ಕುದೇ!) ಹುಡುಗನ ಲೆಕ್ಕ ಬೇರೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಕ್ರಮಿಸಬೇಕು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೈನ್ಯ ಸೇರುವವರು ಓಟಕ್ಕೆ ಪೂರ್ಣ ಅಂಕ ಪಡೆಯಲು ಅಷ್ಟೇ ದೂರವನ್ನು ಐದೂವರೆ ನಿಮಿಷದಲ್ಲಿ ಮುಗಿಸಬೇಕು. ನಾನು ಕಳೆದುಕೊಂಡರೂ ನಷ್ಟವಿಲ್ಲದ ಅರ್ಧ ನಿಮಿಷ ಅವನ ಪಾಲಿಗೆ ಬದುಕಿನ ಪ್ರಶ್ನೆ. ಊರಿಗೆ ಹೋದ ಭಾನುವಾರಗಳಲ್ಲೆಲ್ಲ ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡಿದೆವು.

ಓಟದ ದಿನ ಮೊದಲ ದಿಣ್ಣೆಯಲ್ಲೇ ನನ್ನ ನಗರದ ಅಭ್ಯಾಸ ಕೈಕೊಟ್ಟಿತು. ಏದುಸಿರು ಬಿಡುತ್ತಿದ್ದ ನನಗೆ ಅವನು ಹೇಳಿದ್ದು ಇಷ್ಟೇ: ‘ಮ್ಯಾಕೆ ನೋಡ್ಬ್ಯಾಡಿ ಚಿಕ್ಕಪ್ಪ, ಕಾಲ್ ತಾವ ನೋಡ್ಕಂಡ್ ಬನ್ನಿ.’ ಹೆಜ್ಜೆ ಚಿಕ್ಕದಾಯಿತು, ಉಸಿರು ಹದಕ್ಕೆ ಬಂತು. ಇಳಿಜಾರು ಸುಲಭವೆಂಬುದೂ ಭ್ರಮೆಯೇ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಅದರ ನೋವು ಕಾಣಿಸಿಕೊಳ್ಳುವುದು ಒಂದೆರಡು ದಿನ ಕಳೆದ ಮೇಲೆ.

1936ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಜಾನ್ ಕೆಲ್ಲಿ ಎಂಬಾತ ಕೊನೆಯ ದಿಬ್ಬದ ಬಳಿ ಎಲಿಸನ್ ಬ್ರೌನ್‌ನನ್ನು ಹಿಂದಿಕ್ಕುತ್ತ ಅವನ ಬೆನ್ನು ತಟ್ಟಿದ. ಕೆರಳಿದ ಬ್ರೌನ್ ಮುನ್ನುಗ್ಗಿ ಗೆದ್ದ. ಕೆಲ್ಲಿಯ ಎದೆಯೊಡೆದ ಆ ದಿಬ್ಬಕ್ಕೆ ‘ಹಾರ್ಟ್‌ಬ್ರೇಕ್ ಹಿಲ್’ ಎಂಬ ಹೆಸರು ನಿಂತಿತು. ನನ್ನ ಬೆನ್ನು ತಟ್ಟಿದವನಾದರೋ ಮುಂದೆ ಹೋಗಲೇ ಇಲ್ಲ. ಏಳನೆಯ ಕಿಲೊಮೀಟರಿನಲ್ಲಿ ನಾನೇ ಗದರಿಸಿ ಕಳಿಸಬೇಕಾಯಿತು. ಅಷ್ಟರಲ್ಲಿ ಬಹುಮಾನದ ಮೂವರು ದಿಣ್ಣೆಯಾಚೆ ಮರೆಯಾಗಿದ್ದರು.

ಅಂದು ಯುವಕರು ಕೆಂಪು ಬಟ್ಟೆ ಹಿಡಿದು ವಾಹನಗಳನ್ನು ತಡೆದಿದ್ದರು. ಉಳಿದ ದಿನಗಳಲ್ಲಿ? ಮದ್ದೂರಿನಿಂದ ಮಳವಳ್ಳಿಯವರೆಗೆ ನಸುಕಿನಲ್ಲಿ ಪ್ರಯಾಣಿಸಿದವರು ರಸ್ತೆಯಂಚಿನಲ್ಲಿ ಓಡುವ ಹುಡುಗರನ್ನು ಕಂಡಿರುತ್ತಾರೆ. ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಅದೇ ಅಂಚಿಗೆ ಒತ್ತಿಕೊಂಡು ಬರುತ್ತವೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಲೋಕಾರ್ಪಣೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ಅಲ್ಲಿನ ವೇಗಕ್ಕೆ ಆ ನಿರ್ಧಾರ ಸರಿಯೇ. ಆದರೆ ನಿಧಾನದ ವಾಹನಗಳಿಗೆ ಸರ್ವಿಸ್ ರಸ್ತೆ ತೋರಿಸಿದ ನಮ್ಮ ಯೋಜನೆಗಳಲ್ಲಿ, ಕಾಲ್ನಡಿಗೆಯವನಿಗೆ ಮೂರಡಿ ಜಾಗವೂ ಲೆಕ್ಕಕ್ಕಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕಾನ್‌ಸ್ಟೆಬಲ್ ಹುದ್ದೆಗೆ ಅವರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ನಮ್ಮ ಪಕ್ಕದ ಬೀದಿಯ ಹುಡುಗಿಗೆ ತಾಯಿಯೇ ಜೊತೆಗಾರ್ತಿ. ಆಕೆ ಓಡುವುದಿಲ್ಲ, ಮಗಳು ತಿರುಗಿ ಬರುವವರೆಗೆ ಟಾರ್ಚ್ ಹಿಡಿದು ಮೋರಿಯ ಬಳಿ ನಿಂತಿರುತ್ತಾಳೆ.

ಇದಕ್ಕೆ ಕೋಟಿಗಳ ಕ್ರೀಡಾಂಗಣವೇ ಬೇಕೆಂದಿಲ್ಲ. ಡಾಂಬರು ಹಾಕುವಾಗ ರಸ್ತೆಯ ಮಗ್ಗುಲಿಗೆ ಒಂದು ಮೀಟರ್ ಮಣ್ಣು ಸಮ ಮಾಡಿ ಬಿಡಬಹುದು. ಸರ್ಕಾರಿ ಶಾಲಾ, ಕಾಲೇಜುಗಳ ಮೈದಾನದ ಬೀಗವನ್ನು ಬೆಳಗಿನ ಐದಕ್ಕೇ ತೆರೆದು ಒಂದು ದೀಪ ಹಚ್ಚಬಹುದು. ಕಬ್ಬಿನ ಗಾಡಿಗಳಿಗೆ ಪ್ರತಿಫಲಕ ಅಂಟಿಸದೆ ಕಾರ್ಖಾನೆಯ ಗೇಟು ದಾಟಲು ಬಿಡಬಾರದು.

ಓಟವಾಗಿ ಎರಡನೆಯ ದಿನ ಬೆಂಗಳೂರಿನ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದೆ. ಅವನ ಫೋನು ಬಂತು. ಮೈಲಿಗಲ್ಲಿನಿಂದ ಆಲದ ಮರದವರೆಗೆ ಬೈಕಿನಲ್ಲಿ ಅಳೆದು 1600 ಮೀಟರ್ ಗುರುತು ಮಾಡಿದ್ದನಂತೆ. ಅದು ಸರಿಯೋ ತಪ್ಪೋ ಎಂಬ ಅನುಮಾನ. ‘ಭಾನ್ವಾರ ಬರುವಾಗ ನಿಮ್ಮ ಆ ವಾಚ್ ಮರೀಬ್ಯಾಡಿ ಚಿಕ್ಕಪ್ಪ’ ಎಂದ.