ಬೈಕ್ ಬೆಲೆ ಇಳಿದಿದೆ, ನಿಮ್ಮ ಬಿಲ್ ಇಳಿದಿದೆಯೇ?

ಉದ್ಯೋಗದ ಜಾಹೀರಾತುಗಳನ್ನು ದಿನವೂ ನೋಡುವವರಿಗೆ ಒಂದು ಸಾಲು ಚೆನ್ನಾಗಿ ಗೊತ್ತು: ‘ಸ್ವಂತ ಬೈಕ್ ಮತ್ತು ಲೈಸೆನ್ಸ್ ಕಡ್ಡಾಯ’. ಡೆಲಿವರಿ ಇರಲಿ, ಫೀಲ್ಡ್ ಸೇಲ್ಸ್ ಇರಲಿ, ಸಾಲ ವಸೂಲಿ ಅಥವಾ ಔಷಧ ಕಂಪನಿಯ ಪ್ರತಿನಿಧಿಯ ಕೆಲಸವಿರಲಿ, ಪದವಿ ಪ್ರಮಾಣಪತ್ರದಷ್ಟೇ ಬೈಕ್ ಕೂಡ ಒಂದು ಅರ್ಹತೆ ಆಗಿಬಿಟ್ಟಿದೆ. ಮನೆಯವರು ಕೂಡಿಟ್ಟ ಹಣವೋ, ಇನ್ನೂ ಬಾರದ ಸಂಬಳದ ಮೇಲಿನ ಸಾಲವೋ, ಅಂತೂ ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಮಾಡುವ ಮೊದಲ ದೊಡ್ಡ ವ್ಯಾಪಾರ ಇದೇ.

ಈ ವ್ಯಾಪಾರದ ಲೆಕ್ಕ 2025ರ ಸೆಪ್ಟೆಂಬರ್ 22ರಂದು ಬದಲಾಯಿತು. ಅಂದು ನವರಾತ್ರಿಯ ಮೊದಲ ದಿನ. ಅಂದಿನಿಂದ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 350 ಸಿಸಿ ದಾಟಿದ ಬೈಕುಗಳಿಗೆ ಮಾತ್ರ ಸೆಸ್ ಸೇರಿ ಶೇ 31 ಇದ್ದ ತೆರಿಗೆ ಶೇ 40ಕ್ಕೆ ಏರಿತು. ಹೀಗಾಗಿ ಒಂದೇ ರಾಯಲ್ ಎನ್‌ಫೀಲ್ಡ್ ಷೋರೂಂನಲ್ಲಿ 350ರ ಬೆಲೆ ಇಳಿದರೆ, ಪಕ್ಕದಲ್ಲೇ ನಿಂತ 650ರ ತೆರಿಗೆ ಏರಿದೆ. ದೊಡ್ಡ ಕಂಪನಿಗಳೆಲ್ಲ ದರ ಇಳಿಕೆ ಘೋಷಿಸಿದವು. ಪ್ರಶ್ನೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ: ಇಳಿದ ಹಣ ಪೂರ್ತಿಯಾಗಿ ನಮ್ಮ ಜೇಬಿನಲ್ಲೇ ಉಳಿಯುತ್ತದೆಯೇ, ಅಥವಾ ಕೊಟೇಶನ್ನಿನ ಬೇರೆ ಸಾಲುಗಳಲ್ಲಿ ವಾಪಸ್ ಹೋಗುತ್ತದೆಯೇ?

ಮೊದಲು ಲೆಕ್ಕ ನೋಡೋಣ. ತೆರಿಗೆ ಸೇರಿಸುವ ಮುಂಚಿನ ಬೆಲೆ ₹80,000 ಇರುವ ಬೈಕ್ ಎಂದುಕೊಳ್ಳಿ. ಹಳೆಯ ದರದಲ್ಲಿ ಅದರ ಎಕ್ಸ್ ಷೋರೂಂ ಬೆಲೆ ₹1,02,400. ಹೊಸ ದರದಲ್ಲಿ ₹94,400. ಉಳಿತಾಯ ₹8,000. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಲೆಕ್ಕ ಮಾತ್ರ ಆಯಿತು. ಕರ್ನಾಟಕದಲ್ಲಿ ಬೈಕಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ: ₹50,000ದಿಂದ ₹1 ಲಕ್ಷದವರೆಗೆ ಶೇ 12, ₹1 ಲಕ್ಷ ದಾಟಿದರೆ ಶೇ 18. ಅಂದರೆ ನಮ್ಮ ಉದಾಹರಣೆಯ ಬೈಕಿಗೆ ಮೊದಲು ₹18,432 ಕಟ್ಟಬೇಕಿತ್ತು, ಈಗ ₹11,328 ಸಾಕು. ಇಲ್ಲೂ ₹7,104 ಉಳಿಯಿತು. ಎರಡೂ ಸೇರಿ ₹15,104. ಈ ತೆರಿಗೆಯ ಮೇಲೆ ಬೀಳುವ ಸೆಸ್ಸೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಒಂದು ಲಕ್ಷದ ಈ ಗೆರೆ ಮಾಡೆಲ್ ಆರಿಸುವಾಗಲೂ ಮುಖ್ಯ. ₹99,000ದ ಡ್ರಮ್ ಬ್ರೇಕ್ ಮಾಡೆಲಿಗೂ ₹1,01,000ದ ಡಿಸ್ಕ್ ಮಾಡೆಲಿಗೂ ‘ಎರಡೇ ಸಾವಿರ ವ್ಯತ್ಯಾಸ ಸರ್’ ಎಂದರೆ ತಲೆಯಾಡಿಸಬೇಡಿ. ರಸ್ತೆ ತೆರಿಗೆ ಸೇರಿದರೆ ವ್ಯತ್ಯಾಸ ₹8,300. ಡಿಸ್ಕ್ ಬ್ರೇಕ್ ಅಷ್ಟು ಬೆಲೆ ಬಾಳುತ್ತದೆ ಎನಿಸಿದರೆ ಕೊಳ್ಳಿ, ಆದರೆ ಲೆಕ್ಕ ತಿಳಿದು ಕೊಳ್ಳಿ.

ತೆರಿಗೆ ಇಳಿಕೆಯ ಲಾಭ ಗ್ರಾಹಕರಿಗೆ ಸಿಕ್ಕಿತೇ ಎಂದು ನೋಡಲು ಜಿಎಸ್‌ಟಿಯಲ್ಲಿ ಮೊದಲು ಒಂದು ವ್ಯವಸ್ಥೆ ಇತ್ತು. ಅತಿಲಾಭ ತಡೆಯುವ ಆ ವ್ಯವಸ್ಥೆ 2025ರ ಏಪ್ರಿಲ್ 1ರಿಂದ ಹೊಸ ದೂರುಗಳನ್ನು ಪಡೆಯುವುದನ್ನು ನಿಲ್ಲಿಸಿತು. ಅದಾದ ಆರು ತಿಂಗಳಿಗೆ ದೊಡ್ಡ ತೆರಿಗೆ ಇಳಿಕೆ ಬಂತು. ಹಾಗಾಗಿ ಈಗ ಬಿಲ್ ನೋಡಬೇಕಾದವರು ಕೊಳ್ಳುವವರೇ. ತೆರಿಗೆ ಇನ್‌ವಾಯ್ಸ್‌ನಲ್ಲಿ ತೆರಿಗೆ ಮುಂಚಿನ ಬೆಲೆ, ಕೇಂದ್ರದ ಶೇ 9, ರಾಜ್ಯದ ಶೇ 9 ಪ್ರತ್ಯೇಕವಾಗಿ ಇರಲೇಬೇಕು. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿರುವ ನಿಮ್ಮ ಊರಿನ ಎಕ್ಸ್ ಷೋರೂಂ ಬೆಲೆಯ ಜತೆ ಹೋಲಿಸಲು ಎರಡು ನಿಮಿಷ ಸಾಕು.

ಷೋರೂಂಗೆ ಹೋದೊಡನೆ ನಾವು ಕೇಳುವ ಪ್ರಶ್ನೆ, ‘ಆನ್‌ರೋಡ್ ಎಷ್ಟಾಗುತ್ತೆ? ಎಷ್ಟು ಬಿಡ್ತೀರಿ?’ ಎಂದು. ಎಕ್ಸ್ ಷೋರೂಂ ಬೆಲೆಯನ್ನು ನಿಗದಿ ಮಾಡುವುದು ಕಂಪನಿ. ಅದರಲ್ಲಿ ಡೀಲರ್ ಬಿಡಬಹುದಾದದ್ದು ಸೀಮಿತ. ಅವರಿಗೆ ಕೈಯಾಡಿಸಲು ಜಾಗವಿರುವುದು ಎಕ್ಸ್ ಷೋರೂಂ ಮತ್ತು ಆನ್‌ರೋಡ್ ಬೆಲೆಗಳ ನಡುವಿನ ಸಾಲುಗಳಲ್ಲಿ. ಒಟ್ಟು ಮೊತ್ತದಲ್ಲಿ ಎರಡು ಸಾವಿರ ‘ಡಿಸ್ಕೌಂಟ್’ ಕೊಟ್ಟು, ಆ ಸಾಲುಗಳಲ್ಲಿ ಐದು ಸಾವಿರ ಸೇರಿಸಿದರೆ ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: ‘ಪ್ರತಿ ಸಾಲನ್ನೂ ಬಿಡಿಸಿ ಬರೆದ ಕೊಟೇಶನ್ ಕೊಡಿ.’

ಆ ಕೊಟೇಶನ್ನಿನಲ್ಲಿ ಏನೇನು ನೋಡಬೇಕು?

ವಿಮೆ: ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದರ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ದರಪಟ್ಟಿಯಲ್ಲಿ 75ರಿಂದ 150 ಸಿಸಿಗೆ ₹3,851, 150ರಿಂದ 350 ಸಿಸಿಗೆ ₹7,365, ಮೇಲೆ ಜಿಎಸ್‌ಟಿ. ಇದರಲ್ಲಿ ಚೌಕಾಸಿ ಇಲ್ಲ. ಆದರೆ ನಮ್ಮದೇ ಬೈಕಿನ ಹಾನಿಗೆ ಮಾಡಿಸುವ ವಿಮೆಯ ದರ ಕಂಪನಿಯಿಂದ ಕಂಪನಿಗೆ ಬೇರೆ. ಷೋರೂಂ ಹೇಳಿದ ಕಂಪನಿಯಲ್ಲೇ ಮಾಡಿಸಬೇಕು ಎಂಬ ನಿಯಮ ಇಲ್ಲ. ಸಾಲ ಕೊಡುವವರು ಈ ವಿಮೆ ಬೇಕೆನ್ನಬಹುದು, ಆದರೂ ಕಂಪನಿಯ ಆಯ್ಕೆ ನಿಮ್ಮದು. ಆನ್‌ಲೈನಿನಲ್ಲಿ ನೋಡಿದ ದರವನ್ನು ಮೊಬೈಲಿನಲ್ಲಿ ತೋರಿಸಿ, ‘ಇದೇ ದರಕ್ಕೆ ಕೊಡ್ತೀರಾ?’ ಎಂದು ಕೇಳಿ. ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಈಗಾಗಲೇ ಇದ್ದರೆ ಅದನ್ನು ಮತ್ತೆ ಕೊಳ್ಳಬೇಕಿಲ್ಲ.

ನೋಂದಣಿ: ರಸ್ತೆ ತೆರಿಗೆ ಮತ್ತು ಸೆಸ್ ಬಿಟ್ಟರೆ ಕೇಂದ್ರ ನಿಯಮದ ಪ್ರಕಾರ ಬೈಕ್ ನೋಂದಣಿ ಶುಲ್ಕ ₹300, ಆರ್‌ಸಿ ಸ್ಮಾರ್ಟ್ ಕಾರ್ಡಿಗೆ ₹200, ಸಾಲವಿದ್ದರೆ ಅದನ್ನು ದಾಖಲಿಸಲು ₹500. ‘ಆರ್‌ಟಿಒ ಖರ್ಚು’ ಎಂದು ದುಂಡಗಿನ ಸಂಖ್ಯೆ ಬರೆದಿದ್ದರೆ ಬಿಡಿಸಿ ಹೇಳಿ ಎನ್ನಿ. ಕಟ್ಟಿದ ಹಣಕ್ಕೆ ರಸೀದಿ ಬರುತ್ತದೆ, ಅದನ್ನು ಕೇಳಿ ಪಡೆಯಿರಿ.

ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಾಕ್ಯುಮೆಂಟೇಶನ್: ಬೈಕನ್ನು ಷೋರೂಂಗೆ ತರುವ ಖರ್ಚು ಎಕ್ಸ್ ಷೋರೂಂ ಬೆಲೆಯಲ್ಲೇ ಇದೆ. ಮತ್ತೆ ಯಾಕೆ ಕೊಡಬೇಕು ಎಂದು ಕೇಳಿದರೆ ತೃಪ್ತಿಕರ ಉತ್ತರ ಸಿಗುವುದು ಅಪರೂಪ. ಮೊದಲು ಅಳಿಸಬೇಕಾದ ಸಾಲು ಇದು.

ಆಕ್ಸೆಸರೀಸ್: ಬೈಕ್ ಜತೆ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಕೊಡುವುದು ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ತಯಾರಕರ ಹೊಣೆ. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ತಡೆಯುವ ರಕ್ಷಣೆ, ಅಂದರೆ ನಾವು ಸೀರೆ ಗಾರ್ಡ್ ಎನ್ನುವುದು, ಮತ್ತು ಹಿಡಿಕೆ ಇಲ್ಲದೆ ಬೈಕ್ ತಯಾರಿಸುವಂತೆಯೇ ಇಲ್ಲ ಎನ್ನುತ್ತದೆ ನಿಯಮ 123. ಇವನ್ನೇ ‘ಎಕ್ಸ್‌ಟ್ರಾ ಫಿಟ್ಟಿಂಗ್’ ಎಂದು ಮಾರಲು ಬಂದರೆ ನಿಯಮ ಹೇಳಿ. ಸೀಟ್ ಕವರ್, ಕ್ರ್ಯಾಶ್ ಗಾರ್ಡ್, ಪಾಲಿಶ್ ಬೇಡವೆಂದರೆ ಬೇಡ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕು ಎಂದು ಒತ್ತಾಯಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿರ್ಬಂಧಿತ ವ್ಯಾಪಾರ ಪದ್ಧತಿ.

ಇಷ್ಟೆಲ್ಲ ಉಳಿಸಿದ್ದನ್ನು ಸಾಲದ ಕೌಂಟರಿನಲ್ಲಿ ಕಳೆದುಕೊಳ್ಳುವವರೇ ಹೆಚ್ಚು. ‘ತಿಂಗಳಿಗೆ ಬರೀ ₹3,250’ ಎಂಬ ಮಾತಿನ ಹಿಂದಿನ ಲೆಕ್ಕ ನೋಡಿ. ₹90,000 ಸಾಲ, ಮೂರು ವರ್ಷ, ಶೇ 10 ‘ಫ್ಲ್ಯಾಟ್’ ಬಡ್ಡಿ. ಒಟ್ಟು ಬಡ್ಡಿ ₹27,000. ತೀರಿಸಿದಂತೆಲ್ಲ ಇಳಿಯುವ ಬಾಕಿಯ ಮೇಲೆ ಅದೇ ಶೇ 10 ಹಾಕಿದರೆ ಬಡ್ಡಿ ಸುಮಾರು ₹14,500, ಕಂತು ₹2,904. ಅಂದರೆ ಫ್ಲ್ಯಾಟ್ ಶೇ 10 ಎಂದರೆ ನಿಜದಲ್ಲಿ ಸುಮಾರು ಶೇ 18. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಸಹಿ ಹಾಕುವ ಮುಂಚೆ ಆ ಹಾಳೆ ಕೇಳಿ. ಮನೆಯವರ ಖಾತೆ ಇರುವ ಬ್ಯಾಂಕು ಅಥವಾ ಸಹಕಾರ ಸಂಘದಲ್ಲೂ ಒಮ್ಮೆ ವಿಚಾರಿಸಿ. ಸಾಲ ಕೊಡಿಸಿದ್ದಕ್ಕೆ ಷೋರೂಂಗೆ ಕಮಿಷನ್ ಸಿಗುವುದುಂಟು. ಹಾಗಾಗಿ ಕಂತಿನ ಮಾತನ್ನು ಬೈಕಿನ ದರ ಗಟ್ಟಿಯಾದ ಮೇಲಷ್ಟೇ ಎತ್ತಿ.

ಸಮಯವೂ ಒಂದು ಅಸ್ತ್ರ. ಆಯುಧಪೂಜೆ, ದೀಪಾವಳಿಗೆ ಕಂಪನಿಯ ಕೊಡುಗೆಗಳಿರುತ್ತವೆ ನಿಜ, ಆದರೆ ಜನ ಸಾಲುಗಟ್ಟಿ ನಿಂತಾಗ ಡೀಲರ್ ತನ್ನ ಕೈಯಿಂದ ಬಿಡುವುದು ಕಡಿಮೆ. ತಿಂಗಳ ಕೊನೆಯ ವಾರದಲ್ಲಿ, ಗುರಿ ಮುಟ್ಟಲು ನಾಲ್ಕು ಬೈಕ್ ಬಾಕಿ ಇರುವಾಗ ಮಾತಿಗೆ ಬೆಲೆ ಹೆಚ್ಚು. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ನಮೂದಾಗುತ್ತದೆ. ಹಳೆಯ ವರ್ಷದ ಸ್ಟಾಕ್ ಮುಂದೆ ಮಾರುವಾಗ ಕಡಿಮೆ ಬೆಲೆ ತರುತ್ತದೆ, ಆದ್ದರಿಂದ ಜನವರಿಯಲ್ಲಿ ಅಂಥ ಬೈಕ್ ಕೊಟ್ಟರೆ ದರವೂ ಇಳಿಯಬೇಕು. ಒಂದೇ ಕಂಪನಿಯ ಎರಡು ಮೂರು ಡೀಲರ್‌ಗಳಿಂದ ಲಿಖಿತ ಕೊಟೇಶನ್ ತನ್ನಿ. ಒಂದನ್ನು ತೋರಿಸಿ ಇನ್ನೊಂದರಲ್ಲಿ ಕೇಳುವುದಕ್ಕೆ ನಾಚಿಕೆ ಬೇಕಿಲ್ಲ.

ಇಷ್ಟು ಕೇಳುವಾಗ ಒಂದು ನೆನಪಿರಲಿ. ಎದುರು ಕುಳಿತ ಸೇಲ್ಸ್ ಹುಡುಗ ಅಥವಾ ಹುಡುಗಿ ನಮ್ಮದೇ ವಯಸ್ಸಿನವರು. ಗುರಿ ಮುಟ್ಟದಿದ್ದರೆ ಅವರ ಇನ್ಸೆಂಟಿವ್ ಹೋಗುತ್ತದೆ. ನಮ್ಮಲ್ಲಿ ಕೆಲವರು ನಾಳೆ ಅದೇ ಕುರ್ಚಿಯಲ್ಲಿ ಕೂರಬಹುದು. ಹ್ಯಾಂಡ್ಲಿಂಗ್ ಚಾರ್ಜ್ ನಿರ್ಧರಿಸಿದ್ದು ಅವರಲ್ಲ. ದನಿ ಏರಿಸದೆ, ‘ಈ ಸಾಲು ಯಾಕೆ, ಮ್ಯಾನೇಜರ್ ಹತ್ತಿರ ಕೇಳಿ ಹೇಳ್ತೀರಾ?’ ಎಂದರೆ ಅವರಿಗೂ ಒಳಗೆ ಹೋಗಿ ಮಾತಾಡಲು ದಾರಿಯಾಗುತ್ತದೆ. ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ₹5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಬೇಕಾದದ್ದು ಬಿಲ್ ಮಾತ್ರ, ಬಿಳಿ ಚೀಟಿಯ ಮೇಲೆ ಬರೆದ ಲೆಕ್ಕ ಅಲ್ಲಿ ನಿಲ್ಲುವುದು ಕಷ್ಟ.

ನಮ್ಮ ಉದಾಹರಣೆಯ ₹15,104 ಅಂದರೆ ಮೂರು ವರ್ಷದ ಸಾಲದಲ್ಲಿ ಐದು ಕಂತು. ಕೆಲಸ ಸಿಕ್ಕ ಹೊಸತರಲ್ಲಿ ಐದು ತಿಂಗಳು ಕಂತಿನ ಚಿಂತೆ ಇಲ್ಲದಿರುವುದು ಸಣ್ಣ ಮಾತಲ್ಲ. ಸರ್ಕಾರ ಬಿಟ್ಟುಕೊಟ್ಟ ಆ ಹಣ ಮನೆಗೆ ಬರಬೇಕಾದರೆ, ಕೀಲಿಕೈ ಹಿಡಿದು ಫೋಟೊ ತೆಗೆಸಿಕೊಳ್ಳುವ ಮುಂಚೆ ಅರ್ಧ ಗಂಟೆ ಕುಳಿತು ಕೊಟೇಶನ್ ಓದಬೇಕು.