ನಾಲ್ಕು ಇಫ್-ಎಲ್ಸ್ ಬರೆದರೆ ಮುಗೀತಾ?

"ಅಷ್ಟೇನಾ? ನಾಲ್ಕು ಇಫ್-ಎಲ್ಸ್ ಬರೆದರೆ ಮುಗೀತು ಬಿಡು!"

ಕಾಕಾನ ಜೀಪಿಗೆ ಫೋರ್ ವ್ಹೀಲ್ ಡ್ರೈವ್ ಕಂಟ್ರೋಲರ್ ಮಾಡ್ತಾ ಇದ್ದೀನಿ ಅಂದಾಗ ಆಫೀಸಿನ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ಸುಳ್ಳೇಕೆ ಹೇಳಲಿ, ಮೊದಲ ವಾರ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಯಾರಾದರೂ ಹಾಗಂದರೆ ಸಣ್ಣಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೀತಾ ಇದ್ದೀನಿ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಕಾಕಾನ ಹೊಲ ಇರುವುದು ಕಲಘಟಗಿ ಕಡೆ. ಧಾರವಾಡ ಜಿಲ್ಲೆಯ ಪರಿಚಯ ಇಲ್ಲದವರಿಗೆ ಒಂದು ಮಾತು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಬರೀ ಬಯಲು, ಎರಿ ಭೂಮಿ. ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿದ ಮಣ್ಣೇ ಚಪ್ಪಲಿಗಿಂತ ಭಾರ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ಅಂದರೆ ಮಲೆನಾಡಿನ ಸೆರಗು. ಏರು, ಇಳಿಜಾರು, ಕೆಂಪು ರಾಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಹಿಂದಿನ ಎರಡೇ ಚಕ್ರ ತಿರುಗುವ ಗಾಡಿ ಒಯ್ಯುವುದೂ ಒಂದೇ, ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಳ್ಳುವುದೂ ಒಂದೇ. ಹಾಗಾಗಿ ಕಾಕಾಗೆ ಜೀಪು ಶೋಕಿ ಅಲ್ಲ, ಗೊಬ್ಬರದ ಚೀಲ ಒಯ್ಯುವ ಸಾಧನ.

ಆ ಹಳೇ ಮಹೀಂದ್ರಾ ಜೀಪಿನ ಟ್ರಾನ್ಸ್‌ಫರ್ ಕೇಸು ಒಡೆಯಿತು. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಡಬ್ಬಿ ಅದು. ಅದರಲ್ಲಿ ಟು-ಹೈ, ಫೋರ್-ಹೈ, ಫೋರ್-ಲೋ ಅಂತ ಮೂರು ಸ್ಥಾನ. ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಏರುತ್ತದೆ. ಹೈ ಮತ್ತು ಲೋ ನಡುವೆ ಒಂದು ನ್ಯೂಟ್ರಲ್ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕಥೆಯ ಖಳನಾಯಕ ಅದೇ.

ಗುಜರಿಯಲ್ಲಿ ಸಿಕ್ಕಿದ್ದು ಒಂದು ಹಳೇ ಸ್ಕಾರ್ಪಿಯೋದ ಕೇಸು, ವಿದ್ಯುತ್ತಿನಿಂದ ಬದಲಾಗುವ ಜಾತಿಯದು. ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನ ನಾಬ್ ತಿರುವಿದರೆ ಕೆಳಗೊಂದು ಸಣ್ಣ ಮೋಟಾರು ತಿರುಗಿ ಒಳಗಿನ ಫೋರ್ಕನ್ನು ಸರಿಸುತ್ತದೆ. ಆದರೆ ನಾಬೂ ಇರಲಿಲ್ಲ, ಕಂಟ್ರೋಲ್ ಡಬ್ಬಿಯೂ ಇರಲಿಲ್ಲ, ತಂತಿಗಳನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಅಡಾಪ್ಟರ್ ಪ್ಲೇಟು, ಪ್ರೊಪೆಲ್ಲರ್ ಶಾಫ್ಟು ಕಡಿಮೆ ಮಾಡುವುದು ಇವೆಲ್ಲ ಗೋಕುಲ ರೋಡಿನ ಕಡೆಯ ಲೇತ್ ಅಂಗಡಿಯವರು ನೋಡಿಕೊಂಡರು. ಡಬ್ಬಿ ನನ್ನ ಪಾಲಿಗೆ ಬಂತು. "ಇಂಜಿನಿಯರ್ ಅದಿಯಲ್ಲೋ, ಮಾಡು" ಅಂದರು ಕಾಕಾ. ಜಾವಾ ಬರೆಯುವ ಇಂಜಿನಿಯರ್ ಬೇರೆ, ಜೀಪು ನಡೆಸುವ ಇಂಜಿನಿಯರ್ ಬೇರೆ ಅಂತ ನಮ್ಮ ಊರುಗಳಲ್ಲಿ ಯಾರಿಗೆ ಹೇಳೋಣ :-)

ಅಂದ ಹಾಗೆ, ಈ ಟ್ರಾನ್ಸ್‌ಫರ್ ಕೇಸ್ ಅನ್ನೋದು ಎಲ್ಲೋ ಜರ್ಮನಿ, ಜಪಾನಿನ ವಿದ್ಯೆ ಅಂದುಕೊಂಡಿದ್ದೆ. ನೋಡಿದರೆ ದಿವ್ಗಿ ಟಾರ್ಕ್‌ಟ್ರಾನ್ಸ್‌ಫರ್ ಅನ್ನುವ ಕಂಪನಿ ಇದನ್ನು ಮಾಡುತ್ತದೆ, ಅವರ ಒಂದು ಕಾರ್ಖಾನೆ ನಮ್ಮ ಶಿರಸಿಯಲ್ಲೇ ಇದೆ! 1995ರಲ್ಲಿ ಅಮೆರಿಕದ ಬೋರ್ಗ್‌ವಾರ್ನರ್ ಜೊತೆ ಪಾಲುದಾರಿಕೆ ಮಾಡಿಕೊಂಡಿದ್ದರು, 2023ರಲ್ಲಿ ಷೇರು ಪೇಟೆಗೂ ಬಂದರು. ಶಿರಸಿ ಅಂದರೆ ಅಡಿಕೆ ಮತ್ತು ಮಾರಿಕಾಂಬೆ ಅಂತಷ್ಟೇ ತಿಳಿದಿದ್ದ ನನಗೆ ನಾಚಿಕೆಯಾಯಿತು.

ಸರಿ, ಡಬ್ಬಿಗೆ ಬರೋಣ.

ಮೋಟಾರಿನ ಜೊತೆ ಒಂದು ಎನ್‌ಕೋಡರ್ ಇದೆ. ನಾಲ್ಕು ಸಂಪರ್ಕ, ಪ್ರತಿಯೊಂದೂ ಮುಚ್ಚಿದೆ ಇಲ್ಲವೇ ತೆರೆದಿದೆ. ಅಂದರೆ ನಾಲ್ಕು ಬಿಟ್. ಒಂದು ಸಂಕೇತ ಬಂದರೆ ಟು-ಹೈ, ಇನ್ನೊಂದು ಬಂದರೆ ಫೋರ್-ಲೋ, ಹೀಗೆ. ನಾಬ್ ಏನು ಕೇಳುತ್ತಿದೆ ನೋಡು, ಎನ್‌ಕೋಡರ್ ಏನು ಹೇಳುತ್ತಿದೆ ನೋಡು, ಎರಡೂ ಒಂದೇ ಆಗುವವರೆಗೆ ಮೋಟಾರು ತಿರುಗಿಸು. ಒಂದು ಆರ್ಡುಯಿನೋ, ಒಂದು ಎಚ್-ಬ್ರಿಜ್, ಭಾನುವಾರದ ಒಂದು ಮಧ್ಯಾಹ್ನ. ಮೇಜಿನ ಮೇಲೆ ಬೆಣ್ಣೆಯ ಹಾಗೆ ಕೆಲಸ ಮಾಡಿತು. ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆ. ಶಭಾಷ್‌ಗಿರಿಯೂ ಸಿಕ್ಕಿತು.

ಮೂರನೇ ವಾರ ಹೊಲದಲ್ಲಿ ಆದದ್ದು ಇದು. ಜೀಪನ್ನು ಇಳಿಜಾರಿನಲ್ಲಿ ಫೋರ್-ಲೋನಲ್ಲಿಟ್ಟು, ಮೊದಲ ಗೇರಿನಲ್ಲಿ ಇಂಜಿನ್ ಬಂದ್ ಮಾಡಿ ನಿಲ್ಲಿಸಿದ್ದೆವು. ಹ್ಯಾಂಡ್‌ಬ್ರೇಕ್ ಇರಲಿಲ್ಲ. ವಿಲ್ಲಿಸ್ ಕಾಲದ ಆ ವಿನ್ಯಾಸದಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುವುದೇ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ. ಹಳೇ ಕೇಸು ಹೋದಾಗ ಅದೂ ಜೊತೆಗೇ ಹೋಯಿತು. "ಆಮೇಲೆ ಮಾಡಿದರಾಯ್ತು" ಪಟ್ಟಿಯಲ್ಲಿತ್ತು. ಆಳು ಹಿಂದಿನ ಟೈರಿನ ಕಲ್ಲು ತೆಗೆಯುತ್ತಿದ್ದ. ಕಾಕಾ ಹೊರಗೆ ನಿಂತೇ, ಡೀಸೆಲ್ ಎಷ್ಟಿದೆ ನೋಡೋಣ ಅಂತ ಕೈ ಒಳಗೆ ಹಾಕಿ ಚಾವಿ ತಿರುವಿದರು.

ಡಬ್ಬಿಗೆ ಕರೆಂಟ್ ಬಂತು. ನನ್ನ ಪ್ರೋಗ್ರಾಮಿನ ಮೊದಲ ಸಾಲುಗಳು ಏನು ಮಾಡುತ್ತಿದ್ದವು ಗೊತ್ತಾ? ಎಲ್ಲವನ್ನೂ ಗೊತ್ತಿರುವ ಒಂದು ಸ್ಥಿತಿಗೆ ತರುವುದು. ನಾವೆಲ್ಲ ಮಾಡುವುದೇ ಹಾಗೆ ತಾನೇ, ಶುರುವಿನಲ್ಲಿ ವೇರಿಯೇಬಲ್‌ಗಳನ್ನೆಲ್ಲ ಸೊನ್ನೆ ಮಾಡುವುದು. ನಾನು ಇಟ್ಟಿದ್ದ 'ಸೊನ್ನೆ' ಟು-ಹೈ. ಮೋಟಾರು ತಾನಾಗಿಯೇ ಲೋನಿಂದ ಹೊರಟಿತು. ದಾರಿಯಲ್ಲಿ ನ್ಯೂಟ್ರಲ್. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ಗೆ ಬಂದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಮೊದಲ ಗೇರಲ್ಲಿ ಇಟ್ಟರೆಷ್ಟು ಬಿಟ್ಟರೆಷ್ಟು! ಜೀಪು ಹಿಂದಕ್ಕೆ ಉರುಳತೊಡಗಿತು. ಉರುಳುತ್ತಿರುವ ಗಾಡಿಯಲ್ಲಿ ಹಲ್ಲಿಗೆ ಹಲ್ಲು ಕೂಡುವುದಿಲ್ಲ, ಗರ್ರ್ ಅಂತ ಸದ್ದು ಮಾತ್ರ.

ಆಳು ಪಕ್ಕಕ್ಕೆ ಜಿಗಿದ. ಜೀಪು ಹೋಗಿ ಗೋವಿನಜೋಳದ ಕಣಿಕಿ ಬಣವಿಗೆ ಆತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವನು ಎಡಕ್ಕೆ ಜಿಗಿಯುವ ಬದಲು ಅಲ್ಲೇ ಕೂತಿದ್ದರೆ ಅಂತ ಯೋಚಿಸಿದರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ತಪ್ಪು ಕಾಕಾಂದಲ್ಲ, ಆಳಿಂದಲ್ಲ, ಗುಜರಿಯವನದ್ದೂ ಅಲ್ಲ. ನಾನು ಬರೆದ ಕೋಡು ನಾನು ಬರೆದ ಹಾಗೆಯೇ ನಡೆಯಿತು. ಒಂದೂ ಬಗ್ ಇರಲಿಲ್ಲ!

ಆಮೇಲೆ ಹುಡುಕಿದಾಗ ಗೊತ್ತಾಯಿತು, ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದಾರೆ. 2013ರ ಮೇ ತಿಂಗಳಲ್ಲಿ ಕ್ರೈಸ್ಲರ್ ಕಂಪನಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ 69 ಸಾವಿರ ಜೀಪುಗಳನ್ನು ವಾಪಸು ಕರೆಯಿತು. 2005ರಿಂದ 2010ರವರೆಗಿನ ಗ್ರ್ಯಾಂಡ್ ಚೆರೋಕಿ, 2006ರಿಂದ 2010ರವರೆಗಿನ ಕಮಾಂಡರ್. ಕಾರಣ, ಕಂಟ್ರೋಲ್ ಡಬ್ಬಿಯ ಸರ್ಕ್ಯೂಟ್ ಬೋರ್ಡಿನ ದೋಷದಿಂದ ಟ್ರಾನ್ಸ್‌ಫರ್ ಕೇಸು ಯಾರೂ ಕೇಳದೆಯೇ ನ್ಯೂಟ್ರಲ್‌ಗೆ ಹೋಗಿ ಗಾಡಿ ಉರುಳಬಹುದಿತ್ತು. ಅವರದು ಬೋರ್ಡಿನ ಬಿರುಕು, ನನ್ನದು ಬುದ್ಧಿಯ ಬಿರುಕು, ವ್ಯತ್ಯಾಸ ಅಷ್ಟೇ. ಅವರ ಹತ್ತಿರ ವಕೀಲರು, ಪರೀಕ್ಷೆಯ ಮೈದಾನ, ನೂರಾರು ಇಂಜಿನಿಯರುಗಳು ಇದ್ದರು. ನನ್ನ ಹತ್ತಿರ ಇದ್ದದ್ದು ಒಂದು ಕಣಿಕಿ ಬಣವಿ.

ನನ್ನ ವಾದ ಇಷ್ಟೇ. ಇಂಥ ಡಬ್ಬಿಯ ಮುಖ್ಯ ಕೆಲಸ ಗೇರು ಬದಲಿಸುವುದಲ್ಲ, ಬದಲಿಸಲು ಒಪ್ಪದಿರುವುದು. ನೂರಕ್ಕೆ ತೊಂಬತ್ತು ಸಾಲು ಕೋಡು "ಇಲ್ಲ, ಆಗಲ್ಲ" ಅನ್ನುವುದಕ್ಕೇ ಇರಬೇಕು. ನಮ್ಮ ಸಾಫ್ಟ್‌ವೇರ್ ಕೆಲಸ ಕಲಿಸುವುದು ಇದರ ಉಲ್ಟಾ. ಆಗಲಿಲ್ಲವಾ, ಮತ್ತೆ ಪ್ರಯತ್ನಿಸು. ಸಿಕ್ಕಿಹಾಕಿಕೊಂಡಿತಾ, ರೀಸ್ಟಾರ್ಟ್ ಮಾಡು. ಉತ್ತರ ಬರಲಿಲ್ಲವಾ, ಡೀಫಾಲ್ಟ್ ಬೆಲೆ ತಗೋ. ವೆಬ್‌ಸೈಟಿಗೆ ಇದು ಸರಿ, ಪುಟ ಎರಡು ಸೆಕೆಂಡ್ ತಡವಾದರೆ ಯಾರ ಕಾಲೂ ಮುರಿಯುವುದಿಲ್ಲ.

ವೇಗದ ಸೆನ್ಸರನ್ನೇ ತೆಗೆದುಕೊಳ್ಳಿ. ಫೋರ್-ಲೋ ಹಾಕಲು ಗಾಡಿ ನಿಂತಿರಬೇಕು, ಕ್ಲಚ್ ಒತ್ತಿರಬೇಕು. ನಿಂತಿದೆ ಅಂತ ಹೇಗೆ ಗೊತ್ತಾಗುತ್ತದೆ? ಹಲ್ಲಿನ ಚಕ್ರದ ಎದುರು ಒಂದು ಸುರುಳಿ, ಶಾಫ್ಟು ತಿರುಗಿದರೆ ಪಲ್ಸು. ಪಲ್ಸು ಬರದಿದ್ದರೆ ಗಾಡಿ ನಿಂತಿದೆ. ಎಷ್ಟು ಸರಳ! ಆದರೆ ಇಲಿ ತಂತಿ ಕಡಿದರೂ ಪಲ್ಸು ಬರುವುದಿಲ್ಲವಲ್ಲ? ಗಾಡಿ ಗಂಟೆಗೆ 40 ಕಿಲೋಮೀಟರ್ ಓಡುತ್ತಿದ್ದಾಗ ಗೇರು ಬದಲಿಸಲು ಕ್ಲಚ್ ಒತ್ತುತ್ತೀರಿ, ಕೈ ತಾಗಿ ನಾಬ್ ತಿರುಗುತ್ತದೆ, ಡಬ್ಬಿ "ನಿಂತಿದ್ದೀವಲ್ಲ" ಅಂದುಕೊಂಡು ಲೋ ಹಾಕಲು ಹೊರಡುತ್ತದೆ. ಹಲ್ಲು ಕೂಡದಿದ್ದರೆ ಕೇಸು ಪುಡಿ, ಕೂಡಿದರೆ ಇನ್ನೂ ಕೆಟ್ಟದ್ದು. ಮೌನವನ್ನು ಸೊನ್ನೆ ಅಂತ ಓದಬಾರದು. ಅದಕ್ಕೆ ನಾನು ಆ ಸುರುಳಿಯ ಮೂಲಕ ಸದಾ ಒಂದು ಚೂರು ಕರೆಂಟ್ ಹರಿಸಿ, ತಂತಿ ಇಡಿಯಾಗಿದೆಯೇ ಅಂತ ನೋಡುತ್ತೇನೆ. ತಂತಿ ಕಡಿದಿದ್ದರೆ ಲೋ ಕೊಡುವುದೇ ಇಲ್ಲ, ಬಜರ್ ಮಾತ್ರ. ರಾಡಿಯಲ್ಲಿ ಸಿಕ್ಕಿಕೊಂಡು ಬೈದರೂ ಪರವಾಗಿಲ್ಲ.

ಈಗಿನ ಡಬ್ಬಿ ಚಾವಿ ತಿರುವಿದಾಗ ಏನೂ ಮಾಡುವುದಿಲ್ಲ. ಎನ್‌ಕೋಡರ್ ಓದುತ್ತದೆ, ಅಲ್ಲಿ ಏನಿದೆಯೋ ಅದನ್ನೇ ಸತ್ಯ ಅಂತ ಒಪ್ಪುತ್ತದೆ, ಸುಮ್ಮನಿರುತ್ತದೆ. ಮೋಟಾರಿನ ಕರೆಂಟು ಬೇರೆ ರಿಲೇ ಮೂಲಕ ಹೋಗುತ್ತದೆ, ಆ ರಿಲೇ ಎಳೆಯುವುದು ಚಾಲಕ ಒಂದು ಬಟನ್ನನ್ನು ಒತ್ತಿ ಹಿಡಿದಾಗ ಮಾತ್ರ, ಅದೂ ಕಾಲು ಬ್ರೇಕಿನ ಮೇಲಿದ್ದರೆ. ಬ್ರೇಕ್ ಸ್ವಿಚ್ಚನ್ನು ಕೋಡಿನಲ್ಲಿ ಓದುವ ಬದಲು ರಿಲೇ ತಂತಿಗೇ ಸರಣಿಯಲ್ಲಿ ಜೋಡಿಸಿದ್ದೇನೆ. ನನ್ನ ಪ್ರೋಗ್ರಾಮು ಹುಚ್ಚು ಹಿಡಿದು ಕುಣಿದರೂ ಹೊರಗೆ ನಿಂತು ಚಾವಿ ತಿರುವಿದವನು ಮೋಟಾರು ಓಡಿಸಲಾರ. ಹಳೇ ಡಬ್ಬಿಗಿಂತ ಇದು ಬಹಳ ಪೆದ್ದು. ವಿಡಿಯೋ ಮಾಡಿ ಕಳಿಸುವಂಥದ್ದೇನೂ ಇಲ್ಲ.

ಇಷ್ಟೆಲ್ಲ ಹೇಳಿದರೂ ಲೇತಿನ ಮಿಸ್ತ್ರಿಗೆ ಸಮಾಧಾನ ಇಲ್ಲ. "ಲಿವರ್ ಇದ್ರ ಕೆಟ್ಟದ್ದು ಕಣ್ಣಿಗೆ ಕಾಣ್ತೈತ್ರಿ. ಈ ಡಬ್ಬಿ ಕೆಟ್ರ ಯಾರನ್ನ ಕರೀಲಿ? ನೀವು ಬೆಂಗಳೂರಿಗೆ ಹೋಗಿ ಕುಂತಿರ್ತೀರಿ." ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ನಿಜ. ಲಿವರ್ ಇರುವ ಕೇಸು ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. 2020ರಲ್ಲಿ ಬಂದ ಹೊಸ ಥಾರ್‌ಗೂ ಲಿವರನ್ನೇ ಕೊಟ್ಟಿದ್ದರು, ಅದನ್ನು ಹಳೇ ಕಾಲದ್ದು ಅಂತ ನಕ್ಕವರಲ್ಲಿ ನಾನೂ ಒಬ್ಬ. ಈಗ ನಗುವುದಿಲ್ಲ.

ಸಿಗದಿದ್ದರೆ? ಆಗ ಡಬ್ಬಿ ಮಾಡಿ, ಆದರೆ ಅದು ಮಾಡಿದವನ ಗುಲಾಮ ಆಗಬಾರದು. ನಾನು ಒಂದು ಹಾಳೆಯಲ್ಲಿ ಪೂರ್ತಿ ವೈರಿಂಗ್ ಬರೆದು, ಪ್ಲಾಸ್ಟಿಕ್ ಹಾಕಿಸಿ ಡ್ಯಾಶ್‌ಬೋರ್ಡಿನ ಒಳಗೆ ಇಟ್ಟಿದ್ದೇನೆ. ಕನ್ನಡದಲ್ಲಿ. ಯಾವ ಬಣ್ಣದ ತಂತಿ ಎಲ್ಲಿಗೆ, ಡಬ್ಬಿ ಸತ್ತರೆ ಯಾವ ಸಾಕೆಟ್ ಬಿಚ್ಚಿ ಯಾವ ಎರಡು ಪಿನ್ನಿಗೆ 12 ವೋಲ್ಟ್ ಕೊಟ್ಟರೆ ಮೋಟಾರು ಯಾವ ಕಡೆ ತಿರುಗುತ್ತದೆ, ಅದಕ್ಕೂ ಮೊದಲು ಚಕ್ರಕ್ಕೆ ಕಲ್ಲು ಇಡಬೇಕು ಅನ್ನುವುದು ದಪ್ಪ ಅಕ್ಷರದಲ್ಲಿ. ಇಷ್ಟು ವರ್ಷ ಬ್ಲಾಗಿನಲ್ಲಿ ಏನೇನೋ ಗೀಚಿದ್ದೇನೆ, ನಾನು ಕನ್ನಡದಲ್ಲಿ ಬರೆದ ಮೊದಲ ತಾಂತ್ರಿಕ ದಾಖಲೆ ಅದೇ ನೋಡಿ. ಮಿಸ್ತ್ರಿ ಎರಡು ಸಲ ಓದಿ, ಒಂದು ತಪ್ಪು ಹಿಡಿದರು. ಹಳದಿ ತಂತಿಯನ್ನು ಬಿಳಿ ಅಂತ ಬರೆದಿದ್ದೆ.

ಕಾನೂನಿನ ವಿಷಯ ಕೇಳುವವರಿದ್ದೀರಿ, ಗೊತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಚಿತವಾಗಿ ಹೇಳಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು, ಎರಡೂ ಆಗಬಹುದು. ಸೈಲೆನ್ಸರ್ ಕಿತ್ತು ಊರೆಲ್ಲ ಗುಡುಗಿಸುವವರನ್ನೂ, ಒಡೆದ ಭಾಗಕ್ಕೆ ಬದಲಿ ಹುಡುಕುವ ರೈತನನ್ನೂ ಒಂದೇ ಕಲಮಿನಲ್ಲಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕಣಿಕಿ ಬಣವಿಯ ಪ್ರಸಂಗದ ನಂತರ, ಆ ಕಾನೂನು ಯಾಕಿದೆ ಅಂತ ಕೇಳುವ ಧೈರ್ಯ ನನಗಿಲ್ಲ. ನಮ್ಮ ಜೀಪು ಹೊಲ ಬಿಟ್ಟು ಡಾಂಬರಿಗೆ ಬರುತ್ತಿಲ್ಲ.

ಹ್ಯಾಂಡ್‌ಬ್ರೇಕ್ ಕೆಲಸ ಇನ್ನೂ ಬಾಕಿ. ಹೊಸ ಕೇಸಿನ ಹಿಂಭಾಗಕ್ಕೆ ಡ್ರಮ್ಮು ಕೂರಿಸುವುದೋ, ಹಿಂದಿನ ಆಕ್ಸಲ್ಲಿಗೆ ಕೇಬಲ್ ಎಳೆಯುವುದೋ ಅಂತ ಮಿಸ್ತ್ರಿಗೂ ನನಗೂ ಜಗಳ ನಡೆದಿದೆ. ಮಿಸ್ತ್ರಿ ಕೇಬಲ್ ಪರ, ನಾನು ಡ್ರಮ್ಮಿನ ಪರ. ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿಸಿದ್ದರೆ ದಯವಿಟ್ಟು ತಿಳಿಸಿ, ಮಳೆ ಶುರುವಾಗುವ ಮೊದಲು. ಅಲ್ಲಿಯವರೆಗೆ ಕಾಕಾ ಎರಡೂ ಹಿಂದಿನ ಟೈರಿಗೆ ಕಲ್ಲು ಇಡುತ್ತಿದ್ದಾರೆ, ಸಪಾಟು ನೆಲದಲ್ಲೂ.