ಕರ್ಮವೆಂಬ ಮಾತು

ಒಲೆಯ ಮೇಲೆ ಹಾಲು ಉಕ್ಕಿದರೆ ಕರ್ಮ. ಮಗ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಕರ್ಮ. ಬಸ್ಸು ತಪ್ಪಿದರೂ ಅದೇ ಉದ್ಗಾರ. ಮನೆಮಾತಿನಲ್ಲಿ ಈ ಶಬ್ದವು ಹಣೆಬರಹದ ಸ್ಥಾನದಲ್ಲಿ ಕುಳಿತು ಬಹುಕಾಲವಾಯಿತು. ಬುದ್ಧನು ಈ ಬಳಕೆಯನ್ನು ಒಪ್ಪುತ್ತಿರಲಿಲ್ಲ.

ಅದಕ್ಕೆ ಸಂಯುತ್ತನಿಕಾಯದಲ್ಲಿಯೇ ಸಾಕ್ಷ್ಯವುಂಟು. ಸುಖದುಃಖಗಳೆಲ್ಲವೂ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ಅದು ನಿಜವೇ ಎಂದು ಮೋಲಿಯ ಸೀವಕನೆಂಬ ಪರಿವ್ರಾಜಕನು ರಾಜಗೃಹದ ವೇಣುವನದಲ್ಲಿ ಕೇಳಿದನು. ಬುದ್ಧನು 8 ಕಾರಣಗಳನ್ನು ಹೇಳಿದನು: ಪಿತ್ತ, ಕಫ, ವಾತ, ಈ ಮೂರರ ಸನ್ನಿಪಾತ, ಋತುವಿನ ವ್ಯತ್ಯಾಸ, ಅಜಾಗರೂಕತೆ, ಹೊರಗಿನ ಆಘಾತ, ಕಟ್ಟಕಡೆಗೆ ಕರ್ಮವಿಪಾಕ. ಎಂಟರಲ್ಲಿ ಒಂದು, ಅದೂ ಕೊನೆಯದು!

ಹಾಗಾದರೆ ಕರ್ಮವೆಂದರೇನು? ಬುದ್ಧನ ಉತ್ತರ ಒಂದೇ ಶಬ್ದ: ಚೇತನೆ, ಎಂದರೆ ಮನಸ್ಸಿನ ಸಂಕಲ್ಪ. 5ನೆಯ ಶತಮಾನದ ಬುದ್ಧಘೋಷನ ಹೆಸರಿನಲ್ಲಿ ಬಂದಿರುವ ಧಮ್ಮಪದದ ಅಟ್ಠಕಥೆಯು ತನ್ನ ಮೊದಲ ಕಥೆಯಲ್ಲೇ ಇದನ್ನು ಎತ್ತಿಕೊಳ್ಳುತ್ತದೆ. ಚಕ್ಖುಪಾಲನೆಂಬ ಸ್ಥವಿರನು ಮಳೆಗಾಲದ 3 ತಿಂಗಳು ಮಲಗುವುದಿಲ್ಲವೆಂದು ವ್ರತ ಹಿಡಿದನು. ಕಣ್ಣಿಗೆ ರೋಗ ತಗುಲಿತು. ವೈದ್ಯನು ಕೊಟ್ಟ ತೈಲವನ್ನು ಮಲಗಿಕೊಂಡು ಮೂಗಿಗೆ ಬಿಟ್ಟುಕೊಳ್ಳಬೇಕಿತ್ತು. ಇವನು ಕುಳಿತೇ ಬಿಟ್ಟುಕೊಂಡನು. ಕಣ್ಣು ಹೋದ ಗಳಿಗೆಯಲ್ಲಿಯೇ ಅರ್ಹತ್ವವೂ ಲಭಿಸಿತು.

ಮುಂದೆ ಅವನು ಶ್ರಾವಸ್ತಿಯ ಜೇತವನಕ್ಕೆ ಬಂದಾಗ ಒಂದು ರಾತ್ರಿ ಮಳೆ ಸುರಿದು, ನೆಲದ ತುಂಬ ಇಂದ್ರಗೋಪಗಳೆದ್ದವು. ಕುರುಡ ಮುನಿ ಎಂದಿನಂತೆ ಅತ್ತಿಂದಿತ್ತ ನಡೆದು ಧ್ಯಾನಿಸಿದನು. ಬೆಳಿಗ್ಗೆ ಸತ್ತ ಹುಳುಗಳನ್ನು ಕಂಡ ಭಿಕ್ಷುಗಳು ದೂರು ಒಯ್ದರು. ಅವನು ಕೊಲ್ಲುವುದನ್ನು ನೀವು ಕಂಡಿರಾ ಎಂದು ಬುದ್ಧನು ಕೇಳಿದನು. ಇಲ್ಲವೆಂದರು. ಹಾಗೆಯೇ ಅವನೂ ಹುಳುಗಳನ್ನು ಕಾಣಲಿಲ್ಲ. ಕೊಲ್ಲುವ ಸಂಕಲ್ಪ ಅವನಲ್ಲಿರಲಿಲ್ಲ ಎಂದನು.

ಭಿಕ್ಷುಗಳ ಕುತೂಹಲ ತಣಿಯಲಿಲ್ಲ. ಇಂಥವನು ಕುರುಡನಾದದ್ದೇಕೆ? ಹಿಂದೊಂದು ಜನ್ಮದಲ್ಲಿ ಅವನು ವೈದ್ಯ. ದೃಷ್ಟಿ ಬಂದರೆ ಮಕ್ಕಳೊಡನೆ ನಿನಗೆ ದಾಸಿಯಾಗುವೆನೆಂದಿದ್ದ ಹೆಂಗಸು, ವಾಸಿಯಾದ ಮೇಲೆ ನೋವು ಹೆಚ್ಚಿತೆಂದು ಸುಳ್ಳಾಡಿದಳು. ಅದು ತಿಳಿದ ವೈದ್ಯನು ಕಣ್ಣು ಕಳೆಯುವ ಔಷಧವನ್ನೇ ಬೇಕೆಂದು ಕೊಟ್ಟನು. ಕಾಲಡಿಯಲ್ಲಿ ಅಸಂಖ್ಯ ಹುಳು ಸತ್ತರೂ ಅಂಟದ ಕರ್ಮ ಇಲ್ಲಿ ಅಂಟಿತು. (ತೈಲವನ್ನು ಮಲಗಿ ಹಾಕಿಕೊಂಡಿದ್ದರೆ ಏನಾಗುತ್ತಿತ್ತೆಂದು ಸೀವಕನು ಕೇಳಬಹುದಿತ್ತು, ಅಟ್ಠಕಥೆಗೆ ಆ ಗೊಡವೆಯಿಲ್ಲ.)

ಇನ್ನು, ಮಾಡಿದ ತಪ್ಪು ಎಷ್ಟು ಕಾಡೀತು? ಅದು ಮಾಡಿದವನ ಮನಸ್ಸನ್ನು ಅವಲಂಬಿಸಿದೆಯೆನ್ನುತ್ತದೆ ಅಂಗುತ್ತರನಿಕಾಯ. ಉಪ್ಪಿನ ಹರಳೊಂದನ್ನು ಬಟ್ಟಲು ನೀರಿಗೆ ಹಾಕಿದರೆ ಕುಡಿಯಲಾಗದು. ಅದೇ ಹರಳು ಗಂಗೆಗೆ ಬಿದ್ದರೆ ನೀರು ಕೆಡದು. ಉಪ್ಪು ಮಾತ್ರ ಎರಡೂ ಕಡೆ ಅಷ್ಟೇ. ಬಟ್ಟಲನ್ನು ಗಂಗೆಯಾಗಿಸುವ ಅಭ್ಯಾಸವೂ ಮಂತ್ರತಂತ್ರದ್ದಲ್ಲ: ಹುಟ್ಟದ ಕೆಟ್ಟ ಯೋಚನೆ ಹುಟ್ಟದಂತೆ ಕಾಯುವುದು, ಹುಟ್ಟಿದ್ದನ್ನು ಬಿಡುವುದು, ಒಳ್ಳೆಯದನ್ನು ಹುಟ್ಟಿಸುವುದು, ಹುಟ್ಟಿದ ಒಳ್ಳೆಯದನ್ನು ಬೆಳೆಸುವುದು. ಈ ನಾಲ್ಕಕ್ಕೂ ಬುದ್ಧನು ಇಟ್ಟ ಹೆಸರು ಸಮ್ಯಕ್ ವ್ಯಾಯಾಮ.